ಹೋಗೋ ಬರ್ತೀನಿ, ಬರೋ ಬರ್ತೀನಿ

೬ ಫೆಬ್ರವರಿ

ಪೂಜ್ಯ ಅಜ್ಜ ಅವರಿಗೆ,

ನಾನು ನಿಮ್ಮ ಮೊಮ್ಮಗ. ನಿಮ್ಮ ಮಗಳ ಮಗ. ವಯಸ್ಸು ಹತ್ತೊಂಬತ್ತು. ಉದ್ದ ಜಡೆ ಇದೆ.

ನಮ್ಮ ಮಾತು ಬರೆಯಲು ಕಲಿತು ಒಂದು ವರ್ಷ ಆಯಿತು. ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬರು ಮುದುಕಿ ಟೀಚರಮ್ಮ ಇದೆ. ಅವರು ಸಹ ಗಲಾಟೆಯ ವರ್ಷ ನಿಮ್ಮ ಕಡೆಯಿಂದ ಹಡಗು ಹತ್ತಿ ಬಂದವರು. ಪುಸ್ತಕ ಇಟ್ಟು ಕಲಿಸುತ್ತಾರೆ. ಈ ಕಾಗದ ತಿದ್ದಿ ಕೊಡಿ ಎಂದು ಕೇಳಿದೆ. "ಮನೆಯ ಕಾಗದ ಹೊರಗಿನವರು ತಿದ್ದಬಾರದು, ಇಣುಕಲೂಬಾರದು" ಎಂದರು. ಆದ್ದರಿಂದ ತಪ್ಪುಗಳೆಲ್ಲ ನನ್ನ ಸ್ವಂತ.

ವಿಳಾಸ ಚಿಕ್ಕಜ್ಜಿ ಕೊಟ್ಟಿತು. ಚಿಕ್ಕಜ್ಜಿ ಎಂದರೆ ನಿಮ್ಮ ಹೆಂಡತಿಯ ತಂಗಿ. ಅಜ್ಜಿ ಇಲ್ಲಿಗೆ ಬಂದು ಬೇಗ ತೀರಿಕೊಂಡ ಮೇಲೆ ಅಮ್ಮನನ್ನು ಸಾಕಿದವಳು. ಈಗ ಹಾಸಿಗೆಯಲ್ಲೇ ಇದ್ದಾಳೆ. "ನಿನ್ನ ಅಜ್ಜ ಬದುಕಿದ್ದಾನೆ, ಬರೆ" ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ.

ಅಮ್ಮ ಚೆನ್ನಾಗಿದೆ. ಬಟ್ಟೆ ಸರಿಮಾಡುವ ಅಂಗಡಿಯಲ್ಲಿ ಅವಳಿಗೆ ಕೆಲಸ: ಉದ್ದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿ ಕೋಟು ಸಡಿಲ ಮಾಡುವುದು. ಸಂಜೆ ನಾನೂ ಹೋಗಿ ಗುಂಡಿ ಹೊಲಿಯುತ್ತೇನೆ. ಅಮ್ಮನಿಗೆ ನಮ್ಮ ಮಾತು ಬರುವುದಿಲ್ಲ. ಅಥವಾ ಬರುವುದಿಲ್ಲ ಎನ್ನುತ್ತಾಳೆ. ನಾವು ಮನೆಯಲ್ಲಿ ಇಲ್ಲಿಯ ಮಾತು ಆಡುತ್ತೇವೆ. ನಿಮ್ಮ ಬಗ್ಗೆ ಕೇಳಿದರೆ ಅಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುತ್ತಾಳೆ. ಬಾಯಲ್ಲಿ ಸೂಜಿ ಇದ್ದವರು ಮಾತಾಡಬೇಕಾಗಿಲ್ಲ, ಅಲ್ಲವೇ?

ಏಪ್ರಿಲ್ ತಿಂಗಳ ನಡುವೆ ನಮ್ಮ ಬೀದಿಯ ಮರಗಳು ಹೂ ಬಿಡುತ್ತವೆ. ಆಗ ಅಂಗಡಿಗೆ ಒಂದು ವಾರ ರಜ. ಬೀದಿ ಪೂರ್ತಿ ಬೆಳ್ಳಗಾಗುತ್ತದೆ, ನಡೆಯುವವರ ಸದ್ದು ಕೇಳುವುದಿಲ್ಲ. ಎಲ್ಲರೂ ತೇಲುವ ಹಾಗೆ ಕಾಣುತ್ತಾರೆ.

ನನಗೆ ನೀವೂ ಅಮ್ಮನೂ ಒಂದು ಮೇಜಿನ ಎರಡು ಕಡೆ ಕೂತಿರುವುದು ನೋಡಬೇಕು. ಬೇರೆ ಏನೂ ಬೇಡ.

ನಿಮ್ಮ ಆಜ್ಞಾಧಾರಕ
ಮೊಮ್ಮಗ


೨೭ ಫೆಬ್ರವರಿ

ಆಹಾ! ಆಹಾಹಾ!

ಜಡೆಯುಳ್ಳ ಮೊಮ್ಮಗನೇ, ಬಂದಿತು ನಿನ್ನ ಓಲೆ! ಅಂಚೆಯವನು ಇನ್ನೂ ಬಾಗಿಲಲ್ಲೇ ಇದ್ದ. ನಾನು ಒಂದು ಸಾಲು ಓದಿದೆ, ಒಂದು ಗರ್ಜನೆ ಹಾಕಿದೆ, ಪಾಪ, ಅವನ ಚೀಲ ನೆಲಕ್ಕೆ ಬಿತ್ತು. ಮೊಮ್ಮಗ ಅಲ್ಲ ಕಣೇ ಪುಟ್ಟಿ, ಮೊಮ್ಮಗಳು! ಆ 'ಳು' ಒಂದು ಮರೆತರೆ ಮೀಸೆ ಬಂದುಬಿಡುತ್ತೆ, ಹುಷಾರ್. ಮತ್ತೆ, ಅಮ್ಮ 'ಚೆನ್ನಾಗಿದೆ' ಅಲ್ಲ, 'ಚೆನ್ನಾಗಿದ್ದಾಳೆ'. ಚೆನ್ನಾಗಿರೋದು ಹವಾಮಾನ. ಆದರೆ ಆ ಸಾಲನ್ನ ನಾನು ತಿದ್ದಿಲ್ಲ. ಹಾಗೇ ಇಟ್ಟು ಮತ್ತೆ ಮತ್ತೆ ಓದ್ತಾ ಇದ್ದೀನಿ.

ನಿನ್ನ ಅಜ್ಜ ಯಾರು ಅಂತ ಕೇಳು! ನಾಟಕದ ಕಂಪನಿಯ ಖಳ! ನಾಯಕ ಬರೋಕೆ ಮುಂಚೆ ಜನರ ಎದೆ ನಡುಗಿಸೋನು ಯಾರು? ನಾನು! ಕೊನೇ ಅಂಕದಲ್ಲಿ ಒದೆ ತಿಂದು ಬೀಳೋನು ಯಾರು? ಅದೂ ನಾನೇ! ನಾನೊಂದು ಹೆಜ್ಜೆ ಮುಂದಿಟ್ಟರೆ ಮುಂದಿನ ಸಾಲಿನ ಮಕ್ಕಳು ತಾಯಂದಿರ ಮಡಿಲು ಹತ್ತುತ್ತಿದ್ವು. ಊರಿನವರು ಗುಡುಗಪ್ಪ ಅಂತಿದ್ರು. ಈಗ ಬಡ್ತಿ ಸಿಕ್ಕಿದೆ, ಗುಡುಗಜ್ಜ.

ಗಲಾಟೆಯಲ್ಲಿ ಊರು ಹೋಯ್ತು, ಕಂಪನಿ ಹೋಯ್ತು, ಉಳಿದದ್ದು ವೇಷ. ಈಗ ನಂದು ವೇಷಭೂಷಣ ಬಾಡಿಗೆಗೆ ಕೊಡೋ ಅಂಗಡಿ. ಊರು ಬಿಟ್ಟವರಿಗೇಂತ ಕಟ್ಟಿಸಿದ ಒಂದೇ ಅಚ್ಚಿನ ಮನೆಗಳ ಸಾಲು ಇದು. ಕುಡಿದವನೂ ಕುಡಿಯದವನೂ ಸಂಜೆ ತಟ್ಟೋದು ಪಕ್ಕದ ಮನೆ ಬಾಗಿಲನ್ನೇ. ನನ್ನ ಮನೆ ಮಾತ್ರ ಯಾರಿಗೂ ತಪ್ಪೋಲ್ಲ, ಕಿಟಕಿಯಲ್ಲಿ ಗಡ್ಡಗಳು ಒಣಗ್ತಾ ಇರುತ್ತವೆ. ಶಾಲೆಯ ಮಕ್ಕಳು ಬರ್ತಾವೆ. "ಅಜ್ಜ, ಸಿಂಹಾಸನ ಇದೆಯಾ?" "ಇದೆ ಮಹಾಪ್ರಭು! ಒಂದು ಕಾಲು ಕುಂಟು. ನೋಡ್ಕೊಂಡು ಆಳಬೇಕು!" ಮಧ್ಯಾಹ್ನದ ಬಿಸಿಲು ಕಿರೀಟಗಳ ಮೇಲೆ ಬಿದ್ದರೆ ಗೋಡೆ ತುಂಬ ಚಿನ್ನದ ಮೀನು ಈಜಾಡುತ್ತವೆ. ನೋಡ್ತಾ ನೋಡ್ತಾ ಯಾವ ಊರಲ್ಲಿ ಕೂತಿದ್ದೀನಿ ಅನ್ನೋದೇ ಮರೆತುಹೋಗುತ್ತೆ.

ಅಮ್ಮ ಹೊಲೀತಾಳೆ ಅಂದೆ. ಎಡಗೈಯಲ್ಲಾ? ಇರಲಿ, ಅದನ್ನ ಕೇಳಬೇಡ. ನಾನು ಕೇಳಿದೆ ಅಂತಲೂ ಹೇಳಬೇಡ. ಅವಳಿಗೆ ನಾನು ಬೇಡ ಅನ್ನೋದು ನನಗೆ ಗೊತ್ತಾಗಿ ಎಷ್ಟೋ ವರ್ಷ ಆಯ್ತು.

ನಿಮ್ಮ ಏಪ್ರಿಲ್ ಬೀದಿ ಕಣ್ಣಿಗೆ ಕಟ್ಟಿದ ಹಾಗಿದೆ. ಹೂವಿನ ಮೇಲೆ ನಡೀತಾ ಇದ್ದೀನಿ, ಏನಾಶ್ಚರ್ಯ, ಈ ಖಳನ ಬೂಟಿಗೂ ಸದ್ದಿಲ್ಲ! ಮಾತು ಮುಗಿಯೋದಲ್ಲ ಕಂದ, ಕಾಗದ ಮುಗೀತು. ಸರಿ ಹಾಗಾದ್ರೆ, ಬರ್ತೀನಿ.

ನಿನ್ನ
ಗುಡುಗಜ್ಜ


೧೫ ಮಾರ್ಚ್

ಪ್ರೀತಿಯ ಅಜ್ಜ,

ನೀವು ಬರುತ್ತೀರಿ! ನಾನು ಮೆಟ್ಟಿಲ ಮೇಲೆ ನಿಂತು ಓದಿದೆ, ಕೊನೆಯ ಪದ ಬಂದಾಗ ಅಲ್ಲೇ ಕೂತೆ. ಮೇಲೆ ಹೋಗುವವರು, ಕೆಳಗೆ ಹೋಗುವವರು ಎಲ್ಲರೂ ನನ್ನನ್ನು ದಾಟಿ ಹೋದರು.

ಅಂಗಡಿಗೆ ಓಡಿದೆ. ಅಲ್ಲಿ ಸರಿಮಾಡಿದ ಕೋಟುಗಳು ಸಾಲಾಗಿ ತೂಗುತ್ತಿರುತ್ತವೆ, ತಲೆಯನ್ನು ಮನೆಯಲ್ಲೇ ಬಿಟ್ಟು ಬಂದ ಅತಿಥಿಗಳ ಹಾಗೆ. ಅವುಗಳ ನಡುವೆ ಅಮ್ಮ ಮೊಣಕಾಲೂರಿ ಯಾವುದೋ ಅಂಚಿಗೆ ಸೂಜಿ ಚುಚ್ಚುತ್ತಿದ್ದಳು.

"ಅಜ್ಜ ಬರುತ್ತಾರಂತೆ" ಎಂದೆ. "ಏಪ್ರಿಲ್‌ನಲ್ಲಿ, ಹೂವಿಗೆ."

ಅಮ್ಮ ತಲೆ ಎತ್ತಲಿಲ್ಲ. "ಯಾರು ಹೇಳಿದ್ದು?"

"ಅವರೇ ಬರೆದಿದ್ದಾರೆ."

"ಅವರ ಪದವನ್ನೇ ಓದು. ನಿನ್ನ ಅರ್ಥ ಬೇಡ."

"ಬರ್ತೀನಿ" ಎಂದು ಓದಿದೆ.

ಅಮ್ಮ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಇನ್ನೊಂದು ಸಲ ಓದು ಎಂದಳು. ಓದಿದೆ. ಮರುದಿನ ಚಿಕ್ಕ ಕೋಣೆಯಲ್ಲಿದ್ದ ಹಳೆ ಪೆಟ್ಟಿಗೆಗಳೆಲ್ಲ ಹೊರಗೆ ಬಂದವು. ಕಿಟಕಿಗೆ ದಪ್ಪ ಪರದೆ ಹೊಲಿಯುತ್ತಿದ್ದಾಳೆ. "ಮುದುಕರಿಗೆ ಬೆಳಗಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ" ಅಂತೆ. ಹೌದು ಅಜ್ಜ, ಎಡಗೈಯಲ್ಲೇ ಹೊಲಿಯುತ್ತಾಳೆ. ನೀವು ಕೇಳಿದಿರಿ ಎಂದು ಹೇಳಲಿಲ್ಲ.

ನೀವು ದಿನ ಬರೆದಿಲ್ಲ. ಹೂವಿನ ವಾರ ಎಂದು ನಾವೇ ತಿಳಿದುಕೊಂಡೆವು. ನೀವು ಬರುವ ಹಡಗು ಯಾವುದೇ ಇರಲಿ, ಬಂದರಿನಲ್ಲಿ ನಾವು ಇರುತ್ತೇವೆ.

ನಿಮ್ಮ ಮೊಮ್ಮಗಳು
('ಳು' ನೋಡಿ!)


೨೦ ಮಾರ್ಚ್

ಪುಟ್ಟಿ,

ನಿನ್ನ ಉತ್ತರ ಬರೋವರೆಗೆ ಕಾಯೋ ತಾಳ್ಮೆ ಈ ಖಳನಿಗಿಲ್ಲ. ಒಂದು ಕನಸು ಬಿದ್ದಿದೆ, ಬೇರೆ ಯಾರಿಗೆ ಹೇಳಲಿ? ಪಕ್ಕದ ಮನೆಯವನಿಗೆ ಹೇಳಿದೆ, "ಊಟ ಹೆಚ್ಚಾಗಿರಬೇಕು" ಅಂದ. ಅರಸಿಕ!

ಕೇಳು. ನಮ್ಮ ಹಳೇ ಬೀದಿ. ಮನೆ ಮನೆಯ ನಡುವೆ, ನೀರೇ ಇಲ್ಲದ ಕಡೆ, ಒಂದು ಹಡಗು ಮೆಲ್ಲಗೆ ತೇಲಿಕೊಂಡು ಬರ್ತಾ ಇದೆ. ಮೇಲ್ಗಡೆ ನಿನ್ನ ಅಜ್ಜಿ ಒಗೆದ ಬಟ್ಟೆ ಹರವುತ್ತಾ ಇದ್ದಾಳೆ, ಏನೂ ಆಗೇ ಇಲ್ಲ ಅನ್ನೋ ಹಾಗೆ. ನಾನು ಕೂಗಿದೆ. ನನ್ನ ಕೂಗು ಪುಟ್ಟ ಹಕ್ಕಿಯಾಗಿ ಹೋಗಿ ಅವಳ ಹಗ್ಗದ ಮೇಲೆ ಕೂತಿತು. ಹಡಗು ನಿಂತಿತು. ಒಳಗಿಂದ ನನ್ನ ಅಂಗಡಿಯ ವೇಷಗಳು ಇಳಿದವು. ಮೈಯಿಲ್ಲ, ಬರೀ ಬಟ್ಟೆ. ಸೇನಾಪತಿಯ ಅಂಗಿ ಕಮ್ಮಾರನ ಮನೆಗೆ ಹೋಯ್ತು, ರಾಣಿಯ ಲಂಗ ರೊಟ್ಟಿ ಸುಡೋಳ ಮನೆಗೆ ಹೋಯ್ತು. ಎಲ್ಲಕ್ಕೂ ಅವರವರ ಬಾಗಿಲು ಗೊತ್ತಿತ್ತು. ಕೊನೆಗೆ ಇಳಿದದ್ದು ಒಂದು ಪುಟ್ಟ ಫ್ರಾಕು. ಅದು ಬೀದಿಯ ನಡುವೆ ನಿಂತು ಆ ಕಡೆ ಈ ಕಡೆ ನೋಡ್ತು. ನಾನು ಅದಕ್ಕೆ ದಾರಿ ಹೇಳೋ ಹೊತ್ತಿಗೆ ಎಚ್ಚರ.

ಇದನ್ನ ಅಮ್ಮನಿಗೆ ಹೇಳಬೇಡ. ಹೇಳೋದಾದ್ರೆ ಫ್ರಾಕಿನ ಭಾಗ ಬಿಟ್ಟು ಹೇಳು.

ಅಗೋ, ಶಾಲೆಯವರು ಕೋರೆಹಲ್ಲು ತಗೊಂಡು ಹೋಗೋಕೆ ಬಾಗಿಲು ಬಡೀತಾ ಇದ್ದಾರೆ. ಬರ್ತೀನಿ ಕಂದ, ಬರ್ತೀನಿ!

ಗುಡುಗಜ್ಜ


೫ ಏಪ್ರಿಲ್

ಮಗಳೇ,

ನಿನ್ನ ಮಾರ್ಚಿ ಕಾಗದ ಇವತ್ತು ಕೈಸೇರಿತು. ನಿಂತು ಓದಿದೆ, ಕೂತು ಓದಿದೆ, ಕನ್ನಡಕ ಒರೆಸಿ ಓದಿದೆ. ನಾನು ಬರ್ತೀನಿ ಅಂತ ಯಾವಾಗ ಬರೆದೆ? ಇದು ನಿನ್ನ ಆಸೆ ಪುಟ್ಟಿ, ನನ್ನ ಬಾಯಿಗೆ ಹಾಕಿ ಆಡಿಸಿದ್ದೀಯ. ನಾಟಕದವನ ಮೊಮ್ಮಗಳು ಅಲ್ವೇ!

ನಿನ್ನ ಮನಸ್ಸು ದೊಡ್ಡದು. ಆದರೆ ಕರೆದದ್ದು ನೀನು, ಮನೆ ನಿನ್ನಮ್ಮಂದು. ಅವಳು ಕೋಣೆ ಖಾಲಿ ಮಾಡಿದ್ದು ನೀನು ಹಟ ಹಿಡಿದೆ ಅಂತ ಇರಬೇಕು. ಕರೆಯದವರ ಮನೆ ಹೊಸಿಲು ತುಳಿಯೋದು ಹೇಗೆ? ಅವಳ ಬಾಯಿಂದ 'ಬಾ' ಅನ್ನೋ ಒಂದಕ್ಷರ ಬರಲಿ. ಆಮೇಲೆ ನೋಡು, ಹಡಗು ಇಲ್ಲದಿದ್ರೆ ಈಜಿಕೊಂಡು ಬಂದೇನು!

ಬೇಜಾರು ಮಾಡ್ಕೋಬೇಡ. ನಗ್ತಾ ಇರು. ಬರ್ತೀನಿ.

ಗುಡುಗಜ್ಜ


೨೫ ಏಪ್ರಿಲ್

ಅಜ್ಜ ಅವರಿಗೆ,

ಹೂವು ಬಿದ್ದು ಮುಗಿಯಿತು. ಬೀದಿ ಗುಡಿಸಿದ್ದಾರೆ.

ನಾವು ದಿನವೂ ಬಂದರಿಗೆ ಹೋದೆವು. ಅಮ್ಮ ನೀಲಿ ಕೋಟು ಹಾಕಿಕೊಂಡಿದ್ದಳು, ಕಾಲರ್ ಹೊಸದಾಗಿ ಹೊಲಿದಿದ್ದಳು. ಇಳಿಯುವ ಪ್ರತಿಯೊಬ್ಬ ಮುದುಕರನ್ನೂ ನಾನು "ಇವರಾ?" ಎಂದು ಕೇಳಿದೆ. ಅಮ್ಮನಿಗೆ ನಿಮ್ಮ ಮುಖ ನೆನಪಿಲ್ಲ ಅಂತೆ. "ದನಿ ಕೇಳಿದರೆ ಗೊತ್ತಾಗುತ್ತದೆ" ಎಂದಳು. ಆದ್ದರಿಂದ ನಾವು ನೋಡಲಿಲ್ಲ ಅಜ್ಜ, ಕೇಳುತ್ತಾ ನಿಂತೆವು. ಅಲ್ಲಿ ಹದ್ದುಗಳ ಸದ್ದು, ಸರಪಳಿಯ ಸದ್ದು, ಮಂಜಿನೊಳಗೆ ಯಾರದೋ ಕೆಮ್ಮು. ಗುಡುಗು ಮಾತ್ರ ಇಲ್ಲ.

ಕೊನೆಯ ಹಡಗು ಖಾಲಿಯಾದ ಮೇಲೆ ಅಮ್ಮ ಹೇಳಿದಳು: "ನಾವು ಹಡಗು ಹತ್ತಿದ ದಿನ ನನಗೂ ಇದನ್ನೇ ಹೇಳಿದ್ದರು. ಇದೇ ಪದ. ನನಗೆ ಐದು ವರ್ಷ. ಅಮ್ಮ ಸತ್ತಾಗಲೂ ನಾನು ಅಳಲಿಲ್ಲ, ಅಪ್ಪ ಬರುತ್ತಾರಲ್ಲ ಎಂದು. ಶಾಲೆಯಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದೆ. ಆಮೇಲೆ ಆ ಮಾತನ್ನೇ ಆಡುವುದು ಬಿಟ್ಟೆ, ಸುಳ್ಳು ಹೇಳುವ ಮಾತು ಯಾಕೆ ಬೇಕು."

ಮನೆಗೆ ಬಂದರೆ ನಿಮ್ಮ ಹೊಸ ಕಾಗದ. ಯಾವಾಗ ಬರೆದೆ ಎಂದು ಕೇಳುತ್ತೀರಿ. ಫೆಬ್ರವರಿಯಲ್ಲಿ ಬರೆದಿರಿ, ಮಾರ್ಚಿಯಲ್ಲಿ ಎರಡು ಸಲ ಬರೆದಿರಿ. ಬರುವುದಿಲ್ಲ ಎನ್ನುವ ಕಾಗದದ ಕೊನೆಗೂ ಬರ್ತೀನಿ ಎಂದೇ ಬರೆದಿದ್ದೀರಿ! ನಿಮಗೆ ಇದು ನಾಟಕದ ಮಾತು ಇರಬಹುದು. ಪರದೆ ಬಿದ್ದ ಮೇಲೆ ನಮಗೆ ಮನೆ ಇದೆ, ಅಲ್ಲಿ ಖಾಲಿ ಕೋಣೆ ಇದೆ.

ಇನ್ನು ಮುಂದೆ ಆ ಪದ ನಮಗೆ ಬರೆಯಬೇಡಿ.

ನಿಮ್ಮ ಮಗಳ ಮಗಳು


೧೩ ಮೇ

ಮಗಳೇ,

ಓದಿದೆ.

ನನಗೆ ಪೂರ್ತಿ ಅರ್ಥವಾಗಿಲ್ಲ. ನನ್ನ ಮಗಳು ಬಂದರಿನಲ್ಲಿ ನನಗಾಗಿ ನಿಂತಿದ್ದಳು ಅನ್ನೋದು ಅರ್ಥವಾಗಿದೆ. ಅಷ್ಟು ಸಾಕು, ಅಷ್ಟೇ ಜಾಸ್ತಿಯಾಯ್ತು.

ಅಂಗಡಿ ಮುಚ್ಚಿದ್ದೀನಿ. ಮಕ್ಕಳು ಬಂದು ಕಿಟಕಿಗೆ ಮೂಗು ಒತ್ತಿ ನೋಡಿ ಹೋಗ್ತಾವೆ. ಕಿರೀಟದ ಮೀನುಗಳು ಮಾತ್ರ ಮಧ್ಯಾಹ್ನ ಬಂದು ಗೋಡೆ ಮೇಲೆ ಈಜಿ ಹೋಗ್ತವೆ, ಅವಕ್ಕೆ ಯಾರೂ ಹೇಳಿಲ್ಲ.

ಆ ಪದ ಬರೀಬೇಡ ಅಂದೆ. ಸರಿ, ಇಲ್ಲಿಗೆ ಸಾಕು.

ಹೋಗ್ತೀನಿ.


೬ ಜೂನ್

ಅಜ್ಜ, ಅಜ್ಜ,

ಬೇಗ ಬರೆಯಬೇಕು.

ನಿಮ್ಮ ಕಾಗದವನ್ನು ಟೀಚರಮ್ಮನಿಗೆ ತೋರಿಸಲಿಲ್ಲ. ಆದರೆ ಅವರು ಹರಿದ ಕೋಟಿನ ಒಳಬಟ್ಟೆ ಹೊಲಿಸಲು ನಮ್ಮ ಮನೆಗೆ ಬಂದಿದ್ದರು. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು 'ಒಂದು ಪದ ಕೇಳಲಾ' ಎಂದೆ.

"ಕಾಗದದ ಕೊನೆಗೆ 'ಹೋಗ್ತೀನಿ' ಎಂದು ಬರೆಯುತ್ತಾರಾ?"

"ಥೂ! ಬಿಡ್ತು ಅನ್ನು! ಬಿಡ್ತು ಅನ್ನು!" ಟೀಚರಮ್ಮ ನನ್ನ ಬಾಯಿ ಮುಚ್ಚಿದರು. "ಯಾವ ಬಾಯಲ್ಲಿ ಬಂತು ಅದು? ಹಾಗೆ ಹೇಳಿದವರು ತಿರುಗಿ ಬರೋಲ್ಲ."

"ಮತ್ತೆ ಹೋಗುವವರು ಏನನ್ನಬೇಕು?"

"ಬರ್ತೀನಿ ಅನ್ನಬೇಕು."

"ಹೋಗುವಾಗ?"

"ಹೋಗುವಾಗಲೇ! ಬರುವಾಗ ಯಾರಾದ್ರೂ ಬರ್ತೀನಿ ಅಂತಾರಾ ಪೆದ್ದಿ? ಬಂದೆ ಅಂತಾರೆ."

ಅಜ್ಜ, ಪುಸ್ತಕದಲ್ಲಿ ಇದು ಇಲ್ಲ. 'ಬರುತ್ತೇನೆ: ಬರುವ ಕ್ರಿಯೆ' ಎಂದಿದೆ. ಪಾಠ ಮುಗಿದ ಮೇಲೆ ನಾವು ಬಾಗಿಲಲ್ಲಿ ಇಲ್ಲಿಯ ಮಾತಿನಲ್ಲೇ ಹೊರಡುತ್ತಿದ್ದೆವು. ನಮ್ಮ ಮಾತು ಮೇಜಿನಿಂದ ಬಾಗಿಲವರೆಗೆ ಯಾವತ್ತೂ ನಡೆದು ಹೋಗಿರಲಿಲ್ಲ. ನೀವು ನನಗೆ ಪ್ರತಿ ಸಲ ಬರೀ ವಿದಾಯ ಹೇಳಿದ್ದಿರಿ. ನಾನು ಅದಕ್ಕೆ ಕೋಣೆ ಖಾಲಿ ಮಾಡಿಸಿದೆ, ಅಮ್ಮನಿಗೆ ನೀಲಿ ಕೋಟು ಹಾಕಿಸಿದೆ. ನಗಬೇಕೋ ಅಳಬೇಕೋ? ಎರಡನ್ನೂ ಮಾಡಿದೆ. ನನ್ನನ್ನು ಕ್ಷಮಿಸಿ.

ಆದರೆ ಮುಂದಿನದು ಕೇಳಿ. ಯಂತ್ರ ನಿಂತಿತ್ತು. ನಮ್ಮ ಮಾತು ಬರುವುದಿಲ್ಲ ಎನ್ನುವ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಲ್ಲಿಯ ಮಾತಿನಲ್ಲಿ ಟೀಚರಮ್ಮನನ್ನು ಕೇಳಿದಳು: "ಹಾಗಾದರೆ ಅದು ಬರೀ ಹೊರಡುವ ಮಾತಾ?"

"ಬರೀ ಹೊರಡುವ ಮಾತು ಕಣಮ್ಮ, ಅದಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ತಾರಾ" ಎಂದರು ಟೀಚರಮ್ಮ, ಸಮಾಧಾನ ಹೇಳುವ ಹಾಗೆ.

ಅಮ್ಮನಿಗೆ ಸಮಾಧಾನ ಆಗುತ್ತದೆ ಎಂದು ನಾನೂ ತಿಳಿದೆ. ಆಗಲಿಲ್ಲ. ಟೀಚರಮ್ಮ ಹೋದ ಮೇಲೆ ಅವಳು ಚಿಕ್ಕ ಕೋಣೆಗೆ ಹೋಗಿ, ಆ ದಪ್ಪ ಪರದೆ ಎಳೆದು, ಕತ್ತಲೆಯಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಅವಳು ಹೇಳಿದಳು: "ಇಷ್ಟು ವರ್ಷ ಮಾತು ಕೊಟ್ಟು ತಪ್ಪಿದ ಅಪ್ಪ ಒಬ್ಬರಿದ್ದರು. ಅವರ ಮೇಲೆ ಸಿಟ್ಟಾದರೂ ಇತ್ತು. ಈಗ ನೋಡಿದರೆ ಮಾತೇ ಕೊಟ್ಟಿರಲಿಲ್ಲ. ನಾನು ಯಾರಿಗೆ ಕಾದೆ?"

ಇದರ ಉತ್ತರ, ಅಜ್ಜ, ನಿಮಗೆ ಮಾತ್ರ ಗೊತ್ತು. ಗುಡುಗಬೇಡಿ, ಸಿಂಗರಿಸಬೇಡಿ, ನನಗೆ ಅರ್ಥವಾಗುವ ಹಾಗೆ ಹೇಳಿ. ಆ ದಿನ ಬಂದರಿನಲ್ಲಿ ನೀವು ಅಮ್ಮನಿಗೆ ಹೇಳಿದ್ದು ಯಾವ ಬರ್ತೀನಿ? ಹೋಗೋ ಬರ್ತೀನಿಯಾ, ಬರೋ ಬರ್ತೀನಿಯಾ?

ನಿಮ್ಮ ಪುಟ್ಟಿ


೨೪ ಜೂನ್

ಪುಟ್ಟಿ,

ಈ ಕಾಗದವನ್ನ ಅಮ್ಮನ ಪಕ್ಕ ಕೂತು ಓದು. ಅವಳಿಗೆ ಅರ್ಥವಾಗದ ಕಡೆ ನಿಲ್ಲಿಸಿ ನಿಮ್ಮ ಮಾತಿಗೆ ಬದಲಾಯಿಸಿ ಹೇಳು.

ಟೀಚರಮ್ಮ ಹೇಳಿದ್ದು ಸರಿ, ಆದರೆ ಅರ್ಧ. 'ಬರ್ತೀನಿ' ಹೊರಟವರ ಮಾತು. ನಿಂತವರಿಗೆ ಬೇರೆ ಮಾತಿದೆ: 'ಹೋಗಿ ಬಾ'. ಇಬ್ಬರ ಪಾತ್ರ ಬೇರೆ, ಇಬ್ಬರ ಮಾತು ಬೇರೆ. ಈಗ ನೀನೇ ಹೇಳು, ಆವತ್ತು ಹೊರಟದ್ದು ಯಾರು? ಅವರು. ನಿಂತದ್ದು ಯಾರು? ನಾನು.

ಹೆಂಗಸರು ಮಕ್ಕಳಿಗೆ ಮಾತ್ರ ಹಡಗು. ಗಂಡಸರನ್ನ ಒಂದು ದಪ್ಪ ಹಗ್ಗದ ಈಚೆ ನಿಲ್ಲಿಸಿದ್ರು. ಬೆಳಗಿನ ಮಂಜು, ಮುಖಗಳು ಕಾಣ್ತಾ ಇದ್ವು, ಕಾಲು ಕಾಣ್ತಾ ಇರಲಿಲ್ಲ, ಎಲ್ಲರೂ ಗಾಳಿಯಲ್ಲಿ ನಿಂತ ಹಾಗಿದ್ರು. ನಿನ್ನಜ್ಜಿ ಸೊಂಟದ ಮೇಲೆ ಮಗು. ನಿದ್ದೆಗಣ್ಣು, ಒಂದು ಕಾಲಿಗೆ ಮಾತ್ರ ಕಾಲುಚೀಲ. ನಿನ್ನಜ್ಜಿ ಹಗ್ಗದ ಆ ಕಡೆಯಿಂದ ಅಂದಳು, "ನಾವಿನ್ನು ಬರ್ತೀವಿ." ಹೊರಟವಳು, ಅವಳ ಮಾತು ಅವಳು ಸರಿಯಾಗಿ ಆಡಿದಳು. ಈಗ ನಾನು 'ಹೋಗಿ ಬನ್ನಿ' ಅನ್ನಬೇಕು. ಸಾವಿರ ಸಲ ರಂಗದ ಮೇಲೆ ನಿಂತವನು ನಾನು, ಒಂದು ದಿನವೂ ಮಾತು ಮರೆತವನಲ್ಲ. ಆವತ್ತು ಬಾಯಿ ತೆಗೆದೆ. ಗುಡುಗು ಬರಲಿಲ್ಲ. ಮಗುವಿನ ಮುಖ ನೋಡಿದೆ. ನಾಲಿಗೆ ಅಂದದ್ದು, "ಬರ್ತೀನಿ ಪುಟ್ಟಿ."

ನಿನ್ನಜ್ಜಿ ಆ ಗಡಿಬಿಡಿಯಲ್ಲೂ ನಕ್ಕಳು. "ಅದು ನನ್ನ ಮಾತು ರೀ, ನೀವು ತಪ್ಪಿದ್ರಿ" ಅಂದಳು.

ನಾನು ತಪ್ಪಿರಲಿಲ್ಲ. ನಿಂತಲ್ಲೇ ನಿಂತವನು ಬರ್ತೀನಿ ಅಂದರೆ ಅದು ವಿದಾಯ ಅಲ್ಲ. ಅದಕ್ಕೆ ಒಂದೇ ಅರ್ಥ. ಇದನ್ನ ಟೀಚರಮ್ಮನ ಹತ್ತಿರ ಕೇಳಿ ನೋಡಿ, ಅವರೂ ಒಪ್ಪುತ್ತಾರೆ. ಐದು ವರ್ಷದ ಕೂಸು ನಮ್ಮೆಲ್ಲರಿಗಿಂತ ಸರಿಯಾಗಿ ಕೇಳಿಸಿಕೊಂಡಿದೆ. ಅದು ಬರೋ ಬರ್ತೀನಿ. ಅವಳು ಕಾದದ್ದು ಗಾಳಿಗಲ್ಲ, ನನಗೆ.

ಆಮೇಲಿನದು ಹೇಳೋಕೆ ದೊಡ್ಡ ಮಾತು ಬೇಕಿಲ್ಲ. ಬಂದರು ಮುಚ್ಚಿತು. ಅದು ತೆರೆಯೋ ಹೊತ್ತಿಗೆ ಮಗು ಶಾಲೆಗೆ ಹೋಗ್ತಾ ಇತ್ತು. ನಾನು ಬರೋ ವಿಷಯ ಚಿಕ್ಕಜ್ಜಿಗೆ ಬರೆದೆ. ಅವಳು ಉತ್ತರ ಬರೆದಳು: 'ಮಗು ಇಲ್ಲಿಯ ಮಾತು ಕಲಿತಿದೆ, ನಿಮ್ಮ ಮಾತು ಬೇಡ ಅನ್ನುತ್ತೆ. ನಿಮ್ಮ ಹೆಸರೆತ್ತಿದರೆ ಊಟ ಬಿಡುತ್ತೆ. ಬಂದು ಕಲಕಬೇಡಿ.' ಊಟ ಬಿಡುತ್ತೆ ಅಂದ ಮೇಲೆ ನಾನೇನು ಮಾಡಲಿ? ಮಕ್ಕಳನ್ನ ಹೆದರಿಸೋದೇ ಕಸುಬಾಗಿದ್ದವನು. ನನ್ನ ಮಗುವೂ ಹೆದರಿದೆ ಅಂದ್ಕೊಂಡೆ. ಚಿಕ್ಕಜ್ಜಿ ಮೇಲೆ ಸಿಟ್ಟು ಬೇಡ. ಅವಳು ಕಂಡದ್ದು ಬರೆದಳು. ಊಟ ಬಿಟ್ಟದ್ದು ಬೇಡವಾಗಿ ಅಲ್ಲ, ಕಾದು ಕಾದು ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬಳಿಗೇ, ಅವಳು ಬಾಯಲ್ಲಿ ಸೂಜಿ ಕಚ್ಚಿಕೊಂಡಳು.

ಅವಳು 'ಬಾ' ಅನ್ನಲಿ ಅಂತ ಬರೆದಿದ್ದೆ. ಅದನ್ನ ಹೊಡೆದುಹಾಕು. ಕರೆಯಬೇಕಾಗಿಲ್ಲ. ಹಡಗಿನ ಕಚೇರಿಗೆ ಹೋಗಿ ವಿಚಾರಿಸಿದ್ದೀನಿ. ಅಲ್ಲಿಯ ಹುಡುಗಿ "ಒಬ್ಬರೇನಾ ತಾತ, ಜೊತೆಗೆ ಯಾರೂ ಇಲ್ವಾ?" ಅಂದಳು. "ಒಬ್ಬನೇ" ಅಂತ ಹೇಳಿದೆ, ಆ ಕಟ್ಟಡಕ್ಕೆಲ್ಲ ಕೇಳಿಸ್ತು.

ಈ ಕಾಗದ ಮುಗಿಸೋ ಮಾತು ಯಾವುದು ಅಂತ ಹುಡುಕ್ತಾ ಇದ್ದೀನಿ. ಒಂದು ನೀನು ಬೇಡ ಅಂದೆ, ಇನ್ನೊಂದು ಟೀಚರಮ್ಮ ಬೇಡ ಅಂದ್ರು. ಮುಗಿಸದೆ ಕಳಿಸ್ತಾ ಇದ್ದೀನಿ


೧೩ ಜುಲೈ

ಅಜ್ಜ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿದೆ. 'ಒಂದು ಕಾಲಿಗೆ ಮಾತ್ರ ಕಾಲುಚೀಲ' ಅನ್ನೋ ಕಡೆ ನಿಲ್ಲಿಸು ಅಂದಳು. ನಿಲ್ಲಿಸಿದೆ. ಎದ್ದು ಹೋಗಿ ಮುಖ ತೊಳೆದು ಬಂದು, ಮುಂದೆ ಓದು ಅಂದಳು. ಮುಗಿದ ಮೇಲೆ ಟೀಚರಮ್ಮನನ್ನು ಕರೆದು ಕೇಳಿದ್ವಿ. ಅವರು ತುಂಬ ಯೋಚಿಸಿ, "ನಿಂತವರು ಹಾಗಂದ್ರಾ? ಹಾಗಾದ್ರೆ ಅದು ಮಾತು ಕೊಟ್ಟದ್ದೇ" ಅಂದ್ರು. ಅಮ್ಮ ಅವರ ಕೋಟನ್ನು ದುಡ್ಡು ತಗೊಳ್ಳದೆ ಹೊಲಿದು ಕೊಟ್ಟಳು.

ಆಮೇಲೆ ಅಮ್ಮನಿಗೆ ಸಿಟ್ಟು ಬಂತು ಅಜ್ಜ. ಚೆನ್ನಾಗಿ ಬಂತು. ನಿಮ್ಮನ್ನ, ಚಿಕ್ಕಜ್ಜಿಯನ್ನ, ಬಂದರನ್ನ, ಎಲ್ಲರನ್ನೂ ಬೈದಳು. ಬೈದು ಬೈದು ಹಸಿವಾಯ್ತು ಅಂತ ಊಟ ಮಾಡಿದಳು. ಈಗ ನನ್ನ ಎದುರು ಕೂತಿದ್ದಾಳೆ. ಇಲ್ಲಿಂದ ಮುಂದೆ ಅವಳು ಹೇಳ್ತಾಳೆ, ನಾನು ಬರೀತೀನಿ. ನಮ್ಮ ಮಾತಿನಲ್ಲೇ ಹೇಳ್ತಾಳಂತೆ. ಅವಳಿಗೆ 'ನೀವು' ಅನ್ನೋಕೆ ಬರೋಲ್ಲ, 'ನೀನು' ಒಂದೇ ಗೊತ್ತು. ನಾನು ತಿದ್ದೋಕೆ ಹೋಗಲಿಲ್ಲ.

ಅಪ್ಪ.

ನೀನು ಬರಬೇಡ. ನೀನು ಅಜ್ಜ ಆಗಿದ್ದೀಯ. ನೀರು ದೊಡ್ಡದು. ನಾನು ಬರ್ತೀನಿ.

ಅಂಗಡಿಗೆ ರಜ ಹೇಳಿದೆ. ಹಡಗು ಹೇಳಿದೆ. ಇವಳೂ ಬರ್ತಾಳೆ.

ನನಗೆ ಭಯ ಇದೆ. ನನ್ನ ಮಾತು ಚಿಕ್ಕದು. ನನಗೆ ವಯಸ್ಸಾಯ್ತು, ನನ್ನ ಮಾತಿಗೆ ಆಗಿಲ್ಲ. ಅದು ಐದು ವರ್ಷಕ್ಕೆ ನಿಂತುಬಿಟ್ಟಿದೆ. ಸಿಟ್ಟು ಅಂತ ಹೇಳೋಕೆ ಬರುತ್ತೆ, ಯಾಕೆ ಸಿಟ್ಟು ಅಂತ ಹೇಳೋಕೆ ಬರೋಲ್ಲ. ರಾತ್ರಿ ಹಾಸಿಗೆಯಲ್ಲಿ ಹುಡುಕಿದೆ, ಏನೇನು ಗೊತ್ತು ಅಂತ. ಹಸಿವು ಗೊತ್ತು. ನೀರು ಗೊತ್ತು. ಬೇಡ ಗೊತ್ತು. ಅದು ನಂದು ಗೊತ್ತು. ಇನ್ನೊಂದು ಕತೆ ಹೇಳು ಗೊತ್ತು. ದೀಪ ಆರಿಸಬೇಡ ಗೊತ್ತು.

ನಿನ್ನ ಮುಂದೆ ನಿಂತು ನಾನು ಏನು ಹೇಳಲಿ? ಒಂದೇ ಪದ ಬಾಯಿಗೆ ಬರುತ್ತೆ. ಎತ್ಕೋ. ಆವತ್ತು ಹಗ್ಗದ ಹತ್ರ ಅದನ್ನೇ ಹೇಳೋಕೆ ಹೊರಟಿದ್ದೆ, ಅಮ್ಮ ತಿರುಗಿಬಿಟ್ಟಳು.

ಆದರೆ ಈಗ ನಾನು ತುಂಬ ಭಾರ, ಅಪ್ಪ. ನಗಬೇಡ.


೩೧ ಜುಲೈ

ಪುಟ್ಟಿ,

ಅಮ್ಮನಿಗೆ ಓದಿ ಹೇಳು. ಮೆಲ್ಲಗೆ ಓದು, ನನ್ನ ಹಾಗೆ ಅರಚಬೇಡ.

ಮಗಳೇ, ಸೊಂಟ ಗಟ್ಟಿಯಾಗೇ ಇದೆ. ಬಾ.

ಅಪ್ಪ